ಪುಣೆಯ ಬೇಕರಿಯಿಂದ ಬೆಂಗಳೂರಿನವರಿಗೆ ಒಂದು ಮಾತು

ಬೆಂಗಳೂರಿನಲ್ಲಿರುವ ಕೇರಳದವರ ಬೇಕರಿಗಳ ಬಗ್ಗೆ ಆಗಾಗ ಸಿಟ್ಟಿನ ಪೋಸ್ಟ್‌ಗಳು ಕಣ್ಣಿಗೆ ಬೀಳುತ್ತವೆ. 'ಅವರವರಲ್ಲೇ ಮಲಯಾಳಂ ಮಾತಾಡ್ತಾರೆ' ಅಂತ. ಓದಿದಾಗಲೆಲ್ಲ ಸಂಕಟವಾಗುತ್ತದೆ. ಯಾಕಂದ್ರೆ ಪುಣೆಯಲ್ಲಿ ಅವರ ಜಾಗದಲ್ಲಿರುವವನು ನಾನು.

ನಮ್ಮದು ಚನ್ನರಾಯಪಟ್ಟಣದ ಕಡೆ. ಹಾಸನದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಆಮೇಲೆ ಈ ಕಸುಬು ನಮ್ಮ ಜಿಲ್ಲೆಯವರ ಕೈ ಹಿಡಿಯಿತು. ಅಣ್ಣನ ಹಿಂದೆ ತಮ್ಮ, ಭಾವನ ಹಿಂದೆ ಭಾಮೈದ ಅಂತ ಮುಂಬೈ, ಪುಣೆವರೆಗೂ ಹೋದರು. ಬೋರ್ಡಿನಲ್ಲಿ ಅಯ್ಯಂಗಾರ್ ಅಂತಿದ್ದರೂ ನಡೆಸುವವರಲ್ಲಿ ನಮ್ಮಂಥ ಗೌಡರೂ ಇದ್ದಾರೆ. ಅಪ್ಪ ಬಂದದ್ದೂ ಹಾಗೇ. ನಾನು ಹುಟ್ಟಿದ್ದು ಇಲ್ಲೇ, ಓದಿದ್ದು ಮರಾಠಿ ಶಾಲೆಯಲ್ಲಿ.

ಭಟ್ಟಿ ಹತ್ತಿರ ಕನ್ನಡ, ಗಲ್ಲಾ ಹತ್ತಿರ ಮರಾಠಿ. ಮೇ ರಜೆಯಲ್ಲಿ ಏರಿಯಾದ ಹೆಂಗಸರು ಮೈದಾ, ರವೆ, ಸಕ್ಕರೆ, ತುಪ್ಪ ಡಬ್ಬಿಗಳಲ್ಲಿ ತರುತ್ತಾರೆ. ನಾನಖಟಾಯಿ ಮಾಡಿಕೊಡುವುದು ನಮ್ಮ ಕೆಲಸ, ಕೂಲಿ ಮಾತ್ರ ನಮ್ಮದು. ಕೆಲವರು ಅಲ್ಲೇ ನಿಂತು 'ಜಾಸ್ತಿ ಕೆಂಪಾಗಬಾರದು' ಅನ್ನುತ್ತಾರೆ. ಅವರಿಗೆ ಮರಾಠಿಯಲ್ಲಿ ಹೂಂ ಅಂದು, ಹಿಂದೆ ತಿರುಗಿ ಹುಡುಗನಿಗೆ 'ಟ್ರೇ ತೆಗಿಯೋ' ಅನ್ನುತ್ತೇನೆ. ಅದೇ ಭಟ್ಟಿಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಹಾಕಿದ ಖಾರಾ ಬನ್ ಕೂಡ ಬೇಯುತ್ತದೆ. ಅದಕ್ಕೂ ಇಲ್ಲಿ ಗಿರಾಕಿಗಳಿದ್ದಾರೆ.

2022ರ ಡಿಸೆಂಬರ್‌ನಲ್ಲಿ ಗಡಿ ಗಲಾಟೆ ಎದ್ದು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆಗ ಅಮ್ಮ 'ಅಂಗಡೀಲಿ ಕನ್ನಡ ಮಾತಾಡಬೇಡ ಕಣೋ' ಅಂದರು. ನಮ್ಮ ಬೀದಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೂ ಮಗ ತನ್ನ ಮಾತು ಆಡಿದರೆ ತಾಯಿ ಹೆದರುವಂತಾಯಿತಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ವ್ಯಾಪಾರಕ್ಕೆ ಬಂದವರು ಊರಿನ ಭಾಷೆ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕನ್ನಡ ಕಲಿಯದೆ ವರ್ಷಗಟ್ಟಲೆ ಅಂಗಡಿ ನಡೆಸುವವರನ್ನು ಕೇಳಿ, ತಪ್ಪೇನಿಲ್ಲ. ಆದರೆ ನಿಮ್ಮ ಹತ್ತಿರ ಚೆನ್ನಾಗಿ ಕನ್ನಡ ಮಾತಾಡಿ ಟೀ ಕೊಡುವ ಹುಡುಗ, ಫೋನಿನಲ್ಲಿ ಅವರಮ್ಮನ ಜೊತೆ ಮಲಯಾಳಂ ಮಾತಾಡಿದರೆ ದಯವಿಟ್ಟು ಗದರಬೇಡಿ. ಅವನು ಅಲ್ಲಿಯವನೂ ಹೌದು, ಇಲ್ಲಿಯವನೂ ಹೌದು. ಒಂದನ್ನು ಬಿಡು ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ.

ಹೊರಗಿರುವ ನಮ್ಮವರಿಗೂ ಒಂದು ಮಾತು. ಮರಾಠಿಯನ್ನು ಬೀದಿಯೇ ಕಲಿಸುತ್ತದೆ. ಕನ್ನಡವನ್ನು ಮನೆಯಲ್ಲೇ ಕಲಿಸಬೇಕು. ನನಗೆ ಅಕ್ಷರ ಕಲಿಸಿದ್ದು ಅಜ್ಜಿ, ಊರಿನಿಂದ ಬಂದ ಸಾಮಾನಿಗೆ ಸುತ್ತಿದ್ದ ಹಳೇ ಪೇಪರ್ ಹಿಡಿದುಕೊಂಡು. ಈಗ ಅಂಗಡಿ ಮುಚ್ಚಿದ ಮೇಲೆ ಮಗಳಿಗೆ ನಾನು ಕಲಿಸುತ್ತಿದ್ದೇನೆ. ಒತ್ತಕ್ಷರದ ಹತ್ತಿರ ಬಂದು ನಿಂತಿದ್ದೇವೆ. ಹೊರರಾಜ್ಯದಲ್ಲಿರುವವರು ಮಕ್ಕಳಿಗೆ ಒತ್ತಕ್ಷರ ಹೇಗೆ ಕಲಿಸಿದಿರಿ? ಬರೆಯಿರಿ, ನನಗೂ ಬೇಕು.