ಮೂರನೇ ಬೇಸಿನಲ್ಲಿ ನಿಂತೇ ಇರುವ ಆಸಾಮಿ

ಮಿನೆಸೋಟ ಟ್ವಿನ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗೆ ಮೂರನೇ ಬೇಸಿನಲ್ಲಿ ತನ್ನ ಓಟಗಾರ ಕಂಡರೆ ಖುಷಿಗಿಂತ ಮೊದಲು ಎದೆ ಢವಗುಟ್ಟುತ್ತದೆ. ಮುಟ್ಟಿದರೆ ರನ್ ಸಿಗುವ ಹೋಮ್ ಪ್ಲೇಟಿಗೆ ಇನ್ನು 90 ಅಡಿ. ಔಟಾದವನು ಒಬ್ಬನೇ. ಬ್ಯಾಟರ್ ಚೆಂಡನ್ನು ದೂರಕ್ಕೆ ಎತ್ತಿ ಹೊಡೆದು ಕ್ಯಾಚಿತ್ತರೂ ಚಿಂತೆಯಿಲ್ಲ. ಫೀಲ್ಡರ್ ಕೈಗೆ ಚೆಂಡು ತಾಗಿದ ಕ್ಷಣವೇ ಓಟಗಾರ ಬೇಸ್ ಬಿಟ್ಟು ಓಡಿ ರನ್ ತರಬಹುದು. ಕ್ರಿಕೆಟ್ ನೋಡಿ ಬೆಳೆದವರಿಗೆ ವಿಚಿತ್ರ ಅನ್ನಿಸೀತು, ಆದರೆ ಇಲ್ಲಿ ಔಟಾಗಿಯೂ ಪುಣ್ಯ ಕಟ್ಟಿಕೊಳ್ಳಬಹುದು. ಎರಡನೇ ಬೇಸಿನ ಕಡೆ ಚೆಂಡು ಮೆಲ್ಲಗೆ ಉರುಳಿದರೂ ಎಷ್ಟೋ ಸಲ ಕೆಲಸ ಆಗಿಬಿಡುತ್ತದೆ.

ಆಗುವುದು ಕಷ್ಟವೆಂದರೆ ಸ್ಟ್ರೈಕ್‌ಔಟಿನಲ್ಲಿ: ಬೀಸಿ ತಪ್ಪಿಯೋ ಒಳ್ಳೆಯ ಚೆಂಡನ್ನು ಬಿಟ್ಟೋ ಮೂರು ಸ್ಟ್ರೈಕ್ ಆಗಿ ಔಟಾಗುವುದು. ನಮ್ಮವರಿಗೆ ಬಲು ಪ್ರಿಯವಾದದ್ದೂ ಅದೇ.

2023ರಲ್ಲಿ 162 ಪಂದ್ಯಗಳಿಗೆ 1,654 ಸ್ಟ್ರೈಕ್‌ಔಟ್, ಮೇಜರ್ ಲೀಗಿನ ದಾಖಲೆ. ಪಂದ್ಯಕ್ಕೆ ಹತ್ತು ಚಿಲ್ಲರೆ. ಇರುವುದೇ 27 ಔಟು. ಪೆನ್ಸಿಲ್ ಹಿಡಿದು ಸ್ಕೋರ್ ಬರೆಯುವವರು ಬೀಸಿ ತಪ್ಪಿದವನ ಚೌಕದಲ್ಲಿ ‘ಕೆ’ ಅಕ್ಷರ ಹಾಕುತ್ತಾರೆ. ಬೀಸದೆ ಕಂಬದಂತೆ ನಿಂತು ಔಟಾದವನಿಗೆ ಅದೇ ಅಕ್ಷರ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ. ಏಳನೇ ಇನಿಂಗ್ಸ್ ಹೊತ್ತಿಗೆ ಹಾಳೆ ಕಾಪಿ ಪುಸ್ತಕದಂತಾಗಿರುತ್ತದೆ.

ರೋಗದ ಮೂಲ ಬೀಸಿನಲ್ಲಿದೆ. ಮೈದಾನದ ಬೇಲಿ ದಾಟುವ ಹೊಡೆತ, ಅಂದರೆ ಹೋಮ್ ರನ್, ಬೇಕೆಂದರೆ ಚೆಂಡು 25ರಿಂದ 30 ಡಿಗ್ರಿ ಕೋನದಲ್ಲಿ ಏಳಬೇಕು. ಅದಕ್ಕೆ ಬ್ಯಾಟನ್ನು ಕೆಳಗಿನಿಂದ ಮೇಲಕ್ಕೆ ಬೀಸಬೇಕು. ಇದು ಪಿಚರ್‌ಗೂ ಗೊತ್ತು. ಗಂಟೆಗೆ 95 ಮೈಲಿ ವೇಗದ ಚೆಂಡನ್ನು ಎದೆಮಟ್ಟಕ್ಕೆ ಎಸೆಯುತ್ತಾನೆ. ಬ್ಯಾಟರ್‌ಗೆ ಸಿಗುವುದು ಅರ್ಧ ಸೆಕೆಂಡಿಗಿಂತ ಕಡಿಮೆ. ಬ್ಯಾಟು ಮೇಲೇರುವಷ್ಟರಲ್ಲಿ ಚೆಂಡು ಬೆನ್ನ ಹಿಂದೆ ಕೂತ ಕ್ಯಾಚರ್ ಗ್ಲೌಸಿನಲ್ಲಿ. ಮುಂದಿನದು ಹೊರಕ್ಕೆ ಜಾರಿ ನೆಲ ಮುಟ್ಟುವ ಸ್ಲೈಡರ್. ಅದಕ್ಕೂ ಬೀಸುತ್ತಾರೆ, ಪುಣ್ಯಾತ್ಮರು.

ಎರಡು ಸ್ಟ್ರೈಕ್ ಆದಾಗ ಹಳಬರ ಮದ್ದೊಂದಿತ್ತು: ಹಿಡಿಯಲ್ಲಿ ಕೈಯನ್ನು ಒಂದಂಗುಲ ಮೇಲಕ್ಕೆ ಸರಿಸಿ, ಬೀಸು ಮೊಟಕುಮಾಡಿ, ಕೆಟ್ಟ ಚೆಂಡನ್ನು ಗೆರೆಯಾಚೆ ತಳ್ಳಿ ಫೌಲ್ ಮಾಡುತ್ತಾ ಕೂರುವುದು. ಆಗ ಫೌಲು ಲೆಕ್ಕಕ್ಕಿಲ್ಲ, ಪಿಚರ್ ಸುಸ್ತಾಗುತ್ತಾನೆ. (ಬೀಸದೆ ಬ್ಯಾಟಿಗೆ ಮೆಲ್ಲಗೆ ತಾಗಿಸುವ ಬಂಟ್ ಮಾಡಲು ಹೋಗಿ ಫೌಲಾದರೆ ಮಾತ್ರ ಔಟು.) ನಮ್ಮವರ ಕೈ ಹಿಡಿಯ ತುದಿಯ ಗುಬುಟು ಬಿಟ್ಟು ಕದಲುವುದಿಲ್ಲ.

ಆ ವರ್ಷ ತಂಡಕ್ಕೆ ಜೋಯಿ ಗ್ಯಾಲೊ ಬೇರೆ ಬಂದಿದ್ದ. 2017ರಲ್ಲಿ ಟೆಕ್ಸಸ್ ಪರ 41 ಹೋಮ್ ರನ್ ಹೊಡೆದು, ಮೊದಲ ಬೇಸಿಗಷ್ಟೇ ಮುಟ್ಟಿಸುವ ಸಿಂಗಲ್ ಬರೀ 32 ಗಳಿಸಿದ್ದವನು. ಚಿಲ್ಲರೆ ಇಟ್ಟುಕೊಳ್ಳದ ಸಾಹುಕಾರ. ನಮ್ಮಲ್ಲಿ 21 ಹೋಮ್ ರನ್, ಸರಾಸರಿ .177, ಅಂದರೆ ನೂರು ಯತ್ನಕ್ಕೆ ಹದಿನೆಂಟು ಹಿಟ್ ಕೂಡ ಇಲ್ಲ.

ಮೂರನೇ ಸ್ಟ್ರೈಕಿನ ಚೆಂಡನ್ನು ಕ್ಯಾಚರ್ ಕೈಚೆಲ್ಲಿದರೆ, ಮೊದಲ ಬೇಸ್ ಖಾಲಿಯಿದ್ದರೆ ಅಥವಾ ಇಬ್ಬರು ಔಟಾಗಿದ್ದರೆ, ಬ್ಯಾಟರ್ ಓಡಿ ಬದುಕಿಕೊಳ್ಳಬಹುದು. ಕೆಲವು ಸಂಜೆ ನಮ್ಮ ತಂತ್ರವೇ ಇದೇನೋ ಅನ್ನಿಸುತ್ತದೆ.

ಬೈಯೋಣವೆಂದರೆ ಅದೇ ವರ್ಷ 233 ಹೋಮ್ ರನ್ ಹೊಡೆದು ಲೀಗಿನ ತಮ್ಮ ವಿಭಾಗ ಗೆದ್ದರು. ನೆಲಕ್ಕೆ ಬಡಿದು ಡಬಲ್ ಪ್ಲೇಗೆ ಇಬ್ಬರನ್ನು ಕಳೆಯುವುದಕ್ಕಿಂತ ಒಬ್ಬ ಸ್ಟ್ರೈಕ್‌ಔಟ್ ಆಗುವುದು ಮೇಲು ಎಂಬ ವಾದವೂ ಸುಳ್ಳಲ್ಲ. ಆದರೆ ಇದೇ ವಿಭಾಗದ ಕ್ಯಾನ್ಸಸ್ ಸಿಟಿ 2015ರಲ್ಲಿ ಲೀಗಿಗೇ ಕಡಿಮೆ, 973 ಸ್ಟ್ರೈಕ್‌ಔಟ್ ಮಾಡಿಕೊಂಡು ವರ್ಲ್ಡ್ ಸೀರೀಸ್ ಪಟ್ಟವನ್ನೇ ಒಯ್ದಿತ್ತು.

2023ರ ಅಕ್ಟೋಬರಿನಲ್ಲಿ ಹೂಸ್ಟನ್ ವಿರುದ್ಧದ ಪ್ಲೇಆಫ್ ಸರಣಿಯ ನಾಲ್ಕನೇ ಪಂದ್ಯ, ಸೋತರೆ ಮನೆಗೆ. ನಮ್ಮವರು ಎರಡು ಹೋಮ್ ರನ್ ಬಾರಿಸಿದರು. ಎರಡು ಸಲವೂ ಬೇಸುಗಳು ಖಾಲಿ. ಹೂಸ್ಟನ್ 3, ನಾವು 2.