ಮೆಲ್ಲಗೆ ಮಾತಾಡಿದ್ರೆ ಕೆಟ್ರಿ

ಮಂಡ್ಯ ಕಡೆ ಜೋರಾಗಿ ಮಾತಾಡಿದರೆ ಯಾರೂ ತಿರುಗಿ ನೋಡಲ್ಲ. ನಾಲೆಯ ಈ ದಡದಲ್ಲಿ ನಿಂತು ಆ ದಡದವನಿಗೆ 'ಸಾಲ ಯಾವಾಗ್ಲಾ ತೀರುಸ್ತೀಯೆ?' ಅಂತ ಕೂಗಿದರೂ ಗದ್ದೆಯಲ್ಲಿ ನಾಟಿ ಹಾಕುವವರು ತಲೆ ಎತ್ತಲ್ಲ. ಅದನ್ನೇ ಕಿವಿ ಹತ್ತಿರ ಬಾಯಿಟ್ಟು ಕೇಳಿ ನೋಡಿ. ಸಂಜೆ ಹೊತ್ತಿಗೆ ಬಡ್ಡಿ ಎಷ್ಟು ಅನ್ನೋದೂ ಸೇರಿ ಊರಿಗೆಲ್ಲ ಗೊತ್ತಾಗಿರುತ್ತೆ.

ಚಿಕ್ಕಪ್ಪನ ಮಗಳ ಬೀಗರ ಊಟದಲ್ಲಿ ಆದದ್ದೂ ಇದೇ. ಎರಡನೇ ಪಂಕ್ತಿಗೆ ಮುದ್ದೆ ಬಿದ್ದು, ಬೋಟಿ ಗೊಜ್ಜು ಬರುತ್ತಿತ್ತು. ಅಡುಗೆಯವನು ಸೌಟು ಹಿಡಿದುಕೊಂಡೇ ಬಂದು, ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು, ಚಿಕ್ಕಪ್ಪನ ಕಿವಿಯಲ್ಲಿ 'ಬಾಡು ಕಮ್ಮಿ ಬತ್ತದೆ ಕನಣ್ಣ' ಅಂದ. ಟವೆಲ್ ಇಲ್ಲದೆ ಹೇಳಿದ್ದರೆ ಯಾರೂ ಗಮನಿಸುತ್ತಿರಲಿಲ್ಲ.

ಪಿಸುಗುಟ್ಟುವಾಗ ಗಂಟಲಿನ ಸ್ವರತಂತುಗಳು ಅದುರಲ್ಲ, ಬರೀ ಉಸಿರೇ ಮಾತಾಗುತ್ತೆ. ಹಾಗಾಗಿ ಬ ಯಾವುದು, ಪ ಯಾವುದು ಅಂತ ಗುರುತು ಹಿಡಿಯೋದು ಕಷ್ಟ. ಇರಬಹುದು. ಆದರೆ ಮಂಡ್ಯದ ಕಿವಿಗೆ 'ಬಾಡು' ಯಾವತ್ತೂ 'ಪಾಡು' ಅಂತ ಕೇಳಿದ್ದಿಲ್ಲ. ತೂಬು ಎತ್ತಿದ ಮೇಲೆ ನೀರು ಹರಿದ ಹಾಗೆ ಸುದ್ದಿ ಪಂಕ್ತಿಯ ಉದ್ದಕ್ಕೂ ಹರಿಯಿತು. 'ಶುಗರ್ ಅದೆ, ಬ್ಯಾಡ ಕನಪ್ಪ' ಅನ್ನುತ್ತಿದ್ದ ಮಾವ ಎಲೆ ಮುಂದಕ್ಕೆ ಎಳೆದುಕೊಂಡು 'ಇನ್ನೆರಡು ಪೀಸ್ ಹಾಕ್ಲಾ' ಅಂದರು. ಮೂರನೇ ಪಂಕ್ತಿಯವರು ಉಣ್ಣುವವರ ಬೆನ್ನ ಹಿಂದೆಯೇ ಬಂದು ನಿಂತರು. ಹಿಂಗಾಲು ಮುಂಗಾಲು ನೋಡದೆ ಎಲ್ಲಾ ಖಾಲಿ. ಕೊನೆಗೆ ಕೂತ ಬೀಗರ ಎಲೆಗೆ ಬಂದದ್ದು ಸಾರು. ಅವರು ಮಗನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದರು. ಏನು ಅಂತ ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ನನ್ನ ಹೆಂಡತಿ ಮೈಸೂರಿನವಳು. ಅಲ್ಲಿಗೂ ಇಲ್ಲಿಗೂ ಸುಮಾರು 45 ಕಿಲೋಮೀಟರ್, ಅಷ್ಟರಲ್ಲೇ ಲೆಕ್ಕ ಉಲ್ಟಾ. ನಮ್ಮವ್ವ ಸಿಟ್ಟು ಬಂದರೆ ಬೀದಿಗೆಲ್ಲ ಕೇಳೋ ಹಾಗೆ ಬೈದು, ಮರುಗಳಿಗೆಗೆ ಕಾಫಿ ಕೊಡುತ್ತಾಳೆ. ಇವಳು 'ರೀ, ಒಂದ್ನಿಮಿಷ ಒಳಗೆ ಬರ್ತೀರಾ?' ಅಂತ ಮೆತ್ತಗೆ ಕರೆದರೆ ನೆಂಟರು ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ. ಮಾಮೂಲಿ ಮಾತು 60 ಡೆಸಿಬೆಲ್, ಪಿಸುಮಾತು 30ರ ಆಸುಪಾಸು ಅನ್ನುತ್ತಾರೆ. ಅಳೆದವರು ನಮ್ಮ ಮನೆ ಅಡುಗೆಕೋಣೆಗೆ ಬಂದಿಲ್ಲ, ಬಿಡಿ.

ಇಂಥ ಮನೆಮಂದಿಯನ್ನೆಲ್ಲ ಚಿಕ್ಕಪ್ಪ ವಿಜಯಪುರದ ಗೋಳಗುಮ್ಮಟಕ್ಕೆ ಹೊರಡಿಸಿದರು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಮೇಲೆ ಗುಮ್ಮಟದ ಒಳಸುತ್ತಿನಲ್ಲಿ ಗೋಡೆ ಕಡೆ ಮುಖ ಮಾಡಿ ಪಿಸುಗುಟ್ಟಿದರೆ, ದನಿ ಬಾಗಿದ ಗೋಡೆಯನ್ನೇ ಹಿಡಿದು ಸುಮಾರು 37 ಮೀಟರ್ ಆಚೆಯವರ ಕಿವಿಗೆ ಮುಟ್ಟುತ್ತೆ. ಇದನ್ನು ಗೈಡ್ ಹೇಳುವಾಗ ಚಿಕ್ಕವ್ವ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದಳು. ಮೇಲೆ ಬಂದವಳೇ ಗೋಡೆಗೆ ಒರಗಿ, ಎದುರು ಬದಿಯಲ್ಲಿ ನಿಂತಿದ್ದ ದೊಡ್ಡವ್ವನ ಕಡೆ ಕಣ್ಣು ಮಾಡಿ, 'ಆ ಸರ ರೋಲ್ಡ್‌ಗೋಲ್ಡು ಕನ್ಲಾ' ಅಂತ ನನಗೆ ಉಸುರಿದಳು.

'ಯಾರ್ದೇ ರೋಲ್ಡ್‌ಗೋಲ್ಡು?'

ದೊಡ್ಡವ್ವನದು ಹೊಲದ ಗಂಟಲು. ಅಲ್ಲಿ ಒಂದು ಸಲ ಕೂಗಿದ್ದು ಏಳು ಸಲ ಮಾರ್ದನಿಸುತ್ತೆ. ಗೋಲ್ಡು... ಗೋಲ್ಡು... ಗೋಲ್ಡು... ಅಂತ ಗುಮ್ಮಟ ಹೇಳುತ್ತಲೇ ಹೋಯಿತು.

'ಕೇಳುಸ್ಕೊಂಡೇನೇ?' ಅಂದಳು ದೊಡ್ಡವ್ವ, ಸರ ಸರಿ ಮಾಡಿಕೊಳ್ಳುತ್ತಾ.