ಮಾರಿಷಸ್‌ನ ಆ ಫೋಟೋಗಳಿಗೆ ಒಂದು ನಂಬರ್ ಇದೆ, ಅದನ್ನು ಅಳಿಸಬೇಡಿ

ನೂರೈವತ್ತು ವರ್ಷಗಳ ಹಿಂದೆ ಮಾರಿಷಸ್‌ಗೆ ಹೋದ ಭಾರತೀಯ ಕೂಲಿಗಳ ಹಳೇ ಫೋಟೋಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಮೂಗುತಿ ಹಾಕಿ, ತಲೆ ಮೇಲೆ ಸೆರಗು ಹೊದ್ದ ಹೆಂಗಸು. ಮುಂಡಾಸು ಸುತ್ತಿದ ಹುಡುಗ. ಕೆಳಗೆ ‘ನಮ್ಮವರ ಕಷ್ಟದ ದಿನಗಳು’ ಅಂತ ಒಂದು ಸಾಲು. ಅವರು ಯಾರು, ಯಾವ ಊರಿನವರು, ಅದ್ಯಾವುದೂ ಇರುವುದಿಲ್ಲ. ನನಗೆ ಸಂಕಟವಾಗುವುದೇ ಇಲ್ಲಿ. ಆ ವಿವರಗಳನ್ನು ಮಾರಿಷಸ್‌ನ ಜನ ಇವತ್ತಿಗೂ ಜೋಪಾನ ಮಾಡಿಕೊಂಡು ಬಂದಿದ್ದಾರೆ.

1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗಿನಲ್ಲಿ 36 ಜನ ಮಾರಿಷಸ್‌ನ ರಾಜಧಾನಿ ಪೋರ್ಟ್ ಲೂಯಿಗೆ ಬಂದರು. ಆಮೇಲೆ ಬಂದವರು ಸುಮಾರು ನಾಲ್ಕೂವರೆ ಲಕ್ಷ. ಹೆಚ್ಚಿನವರು ಕಬ್ಬಿನ ತೋಟಕ್ಕೆ ಕರಾರಿನ ಮೇಲೆ ಬಂದವರು. ಒಬ್ಬೊಬ್ಬರಿಗೂ ಒಂದು ನಂಬರ್. ಆ ನಂಬರಿನ ಎದುರು ರಿಜಿಸ್ಟರಿನಲ್ಲಿ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಎತ್ತರ, ಮೈಮೇಲಿನ ಗುರುತು, ಹುಟ್ಟೂರು, ಬಂದ ಹಡಗು. ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಹೆಸರು ಬರೆದುಕೊಂಡರು. ಆ ಕಾಗುಣಿತವೇ ಎಷ್ಟೋ ಮನೆತನಗಳ ಹೆಸರಾಗಿ ಉಳಿದಿದೆ.

ಫೋಟೋ ತೆಗೆದದ್ದು ಪ್ರೀತಿಯಿಂದಲ್ಲ. ಕರಾರು ಮುಗಿಸಿದವರೂ ಫೋಟೋ ಅಂಟಿಸಿದ ಟಿಕೆಟ್ ಸದಾ ಜೊತೆಗೆ ಇಟ್ಟುಕೊಂಡಿರಬೇಕು ಎಂದು 1867ರಲ್ಲಿ ಕಾನೂನು ಬಂತು. ಟಿಕೆಟ್ ಇಲ್ಲದೆ ಸಿಕ್ಕರೆ ಅಲೆಮಾರಿ ಅಂತ ಪೊಲೀಸರು ಹಿಡಿದುಕೊಂಡು ಹೋಗುತ್ತಿದ್ದರು. 1871ರಲ್ಲಿ ಅಡಾಲ್ಫ್ ಡಿ ಪ್ಲೆವಿಟ್ಜ್ ಎಂಬಾತ ಈ ಕೂಲಿಗಳ ಪರ ನಿಂತು ಅರ್ಜಿ ಬರೆಸಿದ. ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಅದಕ್ಕೆ ಸಹಿ ಹಾಕಿದರು. ಮುಂದಿನ ವರ್ಷ ಬ್ರಿಟನ್ನಿನಿಂದ ವಿಚಾರಣಾ ಆಯೋಗವೇ ಬಂತು. ಇದನ್ನು ತಿಳಿದ ಮೇಲೆ ಆ ಮುಖಗಳನ್ನು ಮತ್ತೊಮ್ಮೆ ನೋಡಿ. ಯಾರೂ ನಗುತ್ತಿಲ್ಲ. ಕ್ಯಾಮೆರಾದ ಹಿಂದೆ ಇದ್ದದ್ದು ಸರ್ಕಾರ ಅಲ್ವಾ?

ಹಿಡಿಯೋದಕ್ಕೆ ತೆಗೆದ ಆ ಫೋಟೋವೇ ಇವತ್ತು ಎಷ್ಟೋ ಮನೆಗಳಿಗೆ ಮುತ್ತಜ್ಜಿಯ ಒಂದೇ ಒಂದು ಚಿತ್ರ. ಮಾರಿಷಸ್‌ನ ಮೋಕಾ ಊರಿನ ಮಹಾತ್ಮ ಗಾಂಧಿ ಇನ್‌ಸ್ಟಿಟ್ಯೂಟ್‌ನಲ್ಲಿ ಈ ದಾಖಲೆಗಳಿವೆ. 2015ರಲ್ಲಿ ಯುನೆಸ್ಕೋ ಇವನ್ನು ಜಗತ್ತಿನ ಮುಖ್ಯ ದಾಖಲೆಗಳ ‘ವಿಶ್ವ ಸ್ಮೃತಿ’ ಪಟ್ಟಿಗೆ ಸೇರಿಸಿತು. ನಂಬರ್ ಗೊತ್ತಿದ್ದರೆ ಹಡಗು ಸಿಗುತ್ತದೆ, ಊರು ಸಿಗುತ್ತದೆ. ಭಾರತೀಯ ಮೂಲದ ಏಳನೇ ತಲೆಮಾರಿನವರಿಗೂ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಕೊಡುವುದಾಗಿ 2024ರಲ್ಲಿ ನಮ್ಮ ರಾಷ್ಟ್ರಪತಿಗಳು ಅಲ್ಲಿ ಹೇಳಿದ ಮೇಲಂತೂ ಈ ಕಾಗದಗಳ ಬೆಲೆ ಇನ್ನೂ ಹೆಚ್ಚಾಗಿದೆ.

ಇನ್ನೊಂದು ಮಾತು. ಮಾರಿಷಸ್ ಅಂದರೆ ಭಾರತದಿಂದ ಹೋದವರು ಮಾತ್ರ ಅಲ್ಲ. ಆಫ್ರಿಕಾ, ಮಡಗಾಸ್ಕರ್‌ನಿಂದ ಗುಲಾಮರಾಗಿ ಬಂದವರ ವಂಶದವರೂ ಅಲ್ಲಿದ್ದಾರೆ. ಅಲ್ಲಿ ಗುಲಾಮಗಿರಿ ರದ್ದಾದದ್ದು 1835ರಲ್ಲಿ. ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. ಗುಲಾಮರಾಗಿದ್ದ ದಿನಗಳ ಒಂದು ಮುಖವೂ ಅವರ ವಂಶದವರಿಗೆ ಕ್ಯಾಮೆರಾದಿಂದ ಸಿಗುವುದಿಲ್ಲ. ಹೆಸರಿನ ಪಟ್ಟಿಗಳೇ ಗತಿ. ದ್ವೀಪದ ಇತಿಹಾಸ ಉಳಿಸೋದು ಅಂದರೆ ಸುಮ್ನೆ ಫೋಟೋ ಸ್ಕ್ಯಾನ್ ಮಾಡೋದಲ್ಲ, ಚಿತ್ರವೇ ಇಲ್ಲದವರ ಕಾಗದಗಳನ್ನೂ ಅಷ್ಟೇ ಜೋಪಾನ ಮಾಡಬೇಕು.

ಅದಕ್ಕೇ ಕೇಳಿಕೊಳ್ಳುತ್ತೇನೆ. ಈ ಫೋಟೋಗಳನ್ನು ಹಂಚಿ, ಖಂಡಿತ ಹಂಚಿ. ಆದರೆ ಅಂಚು ಕತ್ತರಿಸಬೇಡಿ, ಬಣ್ಣ ತುಂಬಬೇಡಿ. ಎಲ್ಲಿಂದ ಸಿಕ್ಕಿತು ಅಂತ ಬರೆಯಿರಿ. ನಂಬರ್ ಇದ್ದರೆ ಅದನ್ನೂ ಹಾಕಿ. ಅದನ್ನು ಹುಡುಕುತ್ತಿರುವ ಮೊಮ್ಮಗಳು ಪೋರ್ಟ್ ಲೂಯಿಯಲ್ಲೋ ಲಂಡನ್ನಿನಲ್ಲೋ ಇರಬಹುದು.